ಅಂಡರ್‌ಸ್ಕೋರ್ ಹಿಡಿದು ತಂದ 47 ಸಾಲುಗಳು: ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಸಂಸ್ಥೆಯ ಹೆಸರಾಗಲಿ ಜನರ ಹೆಸರಾಗಲಿ ಇಲ್ಲ. ಬಿಡಿಭಾಗಗಳ ಕೋಡ್‌ಗಳನ್ನೂ ಬದಲಿಸಿದ್ದೇನೆ. ಆದರೆ ಅವುಗಳ ಆಕಾರವನ್ನು ಮಾತ್ರ ಹಾಗೇ ಇಟ್ಟಿದ್ದೇನೆ, ಯಾಕೆಂದರೆ ನಡೆದದ್ದೆಲ್ಲ ಆ ಆಕಾರದಿಂದಲೇ ನಡೆಯಿತು. ನಾನು ಆ ತಂಡದಲ್ಲಿದ್ದೆ. ತಪ್ಪಾದ ಕ್ವೆರಿಯನ್ನು, ಅಂದರೆ ಡೇಟಾಬೇಸ್‌ಗೆ ಕೊಡುವ ಆದೇಶವನ್ನು, ಓದಿ "ಸರಿ ಇದೆ" ಎಂದವರಲ್ಲಿ ನಾನೂ ಒಬ್ಬ.

ಹಿನ್ನೆಲೆ

ಯಂತ್ರಗಳ ಬಿಡಿಭಾಗಗಳನ್ನು ಇಟ್ಟುಕೊಳ್ಳುವ ಒಂದು ದೊಡ್ಡ ಸ್ಟೋರ್. ಅದರ ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿತ್ತು. ಸ್ಟೋರ್‌ನಲ್ಲಿ ಓಡಾಡುವವರ ಕೈಯಲ್ಲಿ ಸ್ಕ್ಯಾನರ್‌ಗಳಿದ್ದವು. ಅವುಗಳೊಳಗೆ ಅದೇ ಪಟ್ಟಿಯ ಒಂದು ಚಿಕ್ಕ ಪ್ರತಿ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿ ಇರುತ್ತಿತ್ತು. ನೆಟ್‌ವರ್ಕ್ ಸಿಗದ ಮೂಲೆಯಲ್ಲೂ ಕೆಲಸ ನಡೆಯಲಿ ಅಂತ ಹಾಗೆ ಮಾಡಿದ್ದರು.

ಪ್ರತಿ ಭಾಗಕ್ಕೂ ಒಂದು ಕೋಡ್. ಹೊಸ ಕೋಡ್‌ಗಳು 31_07_002 ಎಂಬ ರೀತಿ ಇರುತ್ತಿದ್ದವು. ಮೊದಲ ಎರಡು ಅಂಕಿ ಗುಂಪು, ಆಮೇಲಿನ ಎರಡು ಉಪಗುಂಪು, ಕೊನೆಯ ಮೂರು ಕ್ರಮಸಂಖ್ಯೆ. ನಡುವೆ ಅಂಡರ್‌ಸ್ಕೋರ್. ಎಲ್ಲ ಕೋಡ್‌ಗಳೂ ಹೀಗೇ ಇದ್ದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಹಿಂದೆ ಎಂದೋ ಇನ್ನೊಂದು ಸ್ಟೋರ್ ಇದರ ಜೊತೆ ಸೇರಿಕೊಂಡಿತ್ತು. ಅದರ ಕೋಡ್‌ಗಳಲ್ಲಿ ಅಡ್ಡಗೆರೆ ಇತ್ತು: 31-07-014. ನೋಡಲು ಒಂದೇ ಥರ ಕಂಡರೂ ಅರ್ಥ ಬೇರೆ. ನಮ್ಮಲ್ಲಿ 31ರ ಕೆಳಗಿನ 07 ಅಂದರೆ ಸೀಲ್‌ಗಳು, ಅವರಲ್ಲಿ ಫಿಲ್ಟರ್‌ಗಳು. ಇದರ ಜೊತೆಗೆ ತುಂಬಾ ಹಳೆಯ ವ್ಯವಸ್ಥೆಯಿಂದ ಬಂದ ಸ್ವಲ್ಪ ಸಾಮಾನು ಉಳಿದಿತ್ತು. ಅವಕ್ಕೆ ಒಂಬತ್ತು ಅಂಕಿಯ ಕೋಡ್, ನಡುವೆ ಏನೂ ಇಲ್ಲ: 314072002 ಅನ್ನುವ ಹಾಗೆ.

ಈ ಮೂರು ಬಗೆಯೂ ಒಂದೇ ಟೇಬಲ್‌ನ ಒಂದೇ ಕಾಲಂನಲ್ಲಿದ್ದವು. ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಅದು ತೊಂದರೆ ಅನ್ನಿಸಿರಲಿಲ್ಲ.

ಏನಾಯಿತು

ಒಂದು ದಿನ ಸಪ್ಲೈಯರ್ ಕಡೆಯಿಂದ ಸುದ್ದಿ ಬಂತು. ಅವರು ಕಳಿಸಿದ ಸೀಲ್‌ಗಳಲ್ಲಿ ದೋಷ ಇರಬಹುದು, ಪರೀಕ್ಷೆ ಮುಗಿಯುವವರೆಗೂ ಬಳಸಬೇಡಿ ಎಂದು. 31_07 ಉಪಗುಂಪಿನ ಎಲ್ಲವನ್ನೂ ಹೋಲ್ಡ್ ಮಾಡಬೇಕಿತ್ತು. ಹೋಲ್ಡ್ ಆದ ಭಾಗ ಸ್ಕ್ಯಾನರ್‌ನಲ್ಲಿ ಕೆಂಪಾಗಿ ಕಾಣುತ್ತದೆ, ಯಾರೂ ಅದನ್ನು ಹೊರಗೆ ಕೊಡುವ ಹಾಗಿಲ್ಲ.

ಕೆಲಸ ಅವಸರದ್ದು. ನಮ್ಮವರೊಬ್ಬರು ಅಪ್‌ಡೇಟ್ ಬರೆದರು. ಹೋಲ್ಡ್ ಕಾಲಂ "ಹೌದು" ಆಗಬೇಕು, ಕಾರಣದ ಕಾಲಂನಲ್ಲಿ "ಸಪ್ಲೈಯರ್ ಸೂಚನೆ" ಅಂತ ಬರಬೇಕು. ಯಾವ ಸಾಲುಗಳಿಗೆ ಎಂದು ಹೇಳುವ ಭಾಗ ಹೀಗಿತ್ತು (ಲೈಕ್ ಅಂದರೆ ಒಂದು ಮಾದರಿಗೆ, ಅಂದರೆ ಪ್ಯಾಟರ್ನ್‌ಗೆ, ಹೊಂದುವ ಪಠ್ಯ ಹುಡುಕು ಎಂದು):

ವೇರ್ ಕೋಡ್ ಲೈಕ್ '31_07_%'

ನಾನು ಓದಿದೆ. ಇನ್ನೊಬ್ಬರೂ ಓದಿದರು. "31_07_ ಅಂತ ಶುರುವಾಗುವುದೆಲ್ಲ" ಎಂದು ನಮ್ಮ ತಲೆ ಓದಿಕೊಂಡಿತು. ರನ್ ಮಾಡಿದೆವು. 233 ಸಾಲು ಬದಲಾಯಿತು ಎಂದು ಉತ್ತರ ಬಂತು. ಸೀಲ್‌ಗಳು ಸುಮಾರು 200 ಇರಬಹುದು ಎಂದು ಬಾಯಿಮಾತಿನ ಅಂದಾಜಿತ್ತು. ಹಾಗಾಗಿ 233 ನೋಡಿ ಯಾರಿಗೂ ಅನುಮಾನ ಬರಲಿಲ್ಲ. ನಾಲ್ಕೈದು ಸೀಲ್‌ಗಳನ್ನು ತೆಗೆದು ನೋಡಿದೆವು, ಎಲ್ಲವೂ ಹೋಲ್ಡ್ ಆಗಿದ್ದವು. ಆ ಸಂಜೆ ನೆಮ್ಮದಿಯಿಂದ ಮನೆಗೆ ಹೋದೆವು.

ಮೂರನೇ ದಿನ ಸ್ಟೋರ್‌ನ ಮೇಲ್ವಿಚಾರಕಿ ಫೋನ್ ಮಾಡಿದರು. "ಫಿಲ್ಟರ್ ಕೊಡೋಕೆ ಆಗ್ತಿಲ್ಲ. ಯಂತ್ರ ನಿಂತಿದೆ. ಸ್ಕ್ಯಾನರ್ ಕೆಂಪು ತೋರಿಸ್ತಿದೆ, ಸೀಲ್ ದೋಷ ಅಂತ. ಇದು ಸೀಲೇ ಅಲ್ಲ, ನೋಡಿ ಸ್ವಲ್ಪ."

ಹುಡುಕಾಟ

ಮೊದಲು ನಾವು ಅನುಮಾನಪಟ್ಟಿದ್ದು ಡೇಟಾವನ್ನು. ಫಿಲ್ಟರ್‌ಗೆ ಯಾರೋ ತಪ್ಪು ಕೋಡ್ ಹಾಕಿರಬೇಕು ಅಂದುಕೊಂಡೆವು. ಕೋಡ್ ನೋಡಿದರೆ ಸರಿಯಾಗೇ ಇದೆ. ಆಮೇಲೆ ಸ್ಕ್ಯಾನರ್‌ನ ಪ್ರತಿ ಹಳೆಯದಾಗಿದೆಯೇನೋ ಎಂದು ನೋಡಿದೆವು. ಅದೂ ಅಲ್ಲ. ಅರ್ಧ ದಿನ ಇದರಲ್ಲೇ ಕಳೆಯಿತು. ನಮ್ಮ ಕ್ವೆರಿಯ ಮೇಲೆ ಅನುಮಾನ ಬಂದಿದ್ದು ಕೊನೆಗೆ, ಯಾಕೆಂದರೆ ಅದನ್ನು ಇಬ್ಬರು ಓದಿದ್ದರು.

ತಿರುವು ಸಿಕ್ಕಿದ್ದು ಒಬ್ಬ ಹಿರಿಯ ಸಹೋದ್ಯೋಗಿಯಿಂದ. ಅವರು ಕ್ವೆರಿಯನ್ನು ಓದಲೇ ಇಲ್ಲ. ಹೋಲ್ಡ್ ಆದ 233 ಸಾಲುಗಳ ಕೋಡ್‌ನಲ್ಲಿ ಮೂರನೇ ಅಕ್ಷರ ಏನಿದೆ ಅಂತ ಗುಂಪು ಮಾಡಿ ಎಣಿಸಿದರು. ಅಂಡರ್‌ಸ್ಕೋರ್ ಇದ್ದವು 186. ಅಡ್ಡಗೆರೆ ಇದ್ದವು 41. ಅಂಕಿ ಇದ್ದವು 6. ಪರದೆ ಮೇಲೆ ಆ ಮೂರು ಸಾಲು ಬಂದ ಕೂಡಲೇ ಎಲ್ಲರಿಗೂ ಹೊಳೆಯಿತು.

ಲೈಕ್‌ನಲ್ಲಿ ಎರಡು ಚಿಹ್ನೆಗಳಿಗೆ ವಿಶೇಷ ಅರ್ಥ ಇದೆ, ಅವನ್ನು ವೈಲ್ಡ್‌ಕಾರ್ಡ್ ಎನ್ನುತ್ತಾರೆ. ಪರ್ಸೆಂಟ್ ಚಿಹ್ನೆ ಅಂದರೆ ಎಷ್ಟು ಅಕ್ಷರ ಬೇಕಾದರೂ ಬರಬಹುದು, ಒಂದೂ ಇಲ್ಲದಿದ್ದರೂ ಆಗುತ್ತದೆ. ಅಂಡರ್‌ಸ್ಕೋರ್ ಅಂದರೆ ಯಾವುದಾದರೂ ಒಂದೇ ಒಂದು ಅಕ್ಷರ. ಪರ್ಸೆಂಟ್ ಎಲ್ಲರಿಗೂ ನೆನಪಿರುತ್ತದೆ. ಅಂಡರ್‌ಸ್ಕೋರ್ ಮರೆತೇ ಹೋಗುತ್ತದೆ, ಯಾಕೆಂದರೆ ಕೋಡ್, ಫೈಲ್ ಹೆಸರು, ಬಳಕೆದಾರರ ಹೆಸರು ಎಲ್ಲದರಲ್ಲೂ ಅದು ಸಾಮಾನ್ಯ ಅಕ್ಷರದ ಹಾಗೆ ಬಂದು ಕೂತಿರುತ್ತದೆ. ನಮ್ಮ ಕ್ವೆರಿ ನಿಜವಾಗಿ ಕೇಳಿದ್ದು ಇದನ್ನು: 31, ಆಮೇಲೆ ಏನಾದರೂ ಒಂದು, ಆಮೇಲೆ 07, ಮತ್ತೆ ಏನಾದರೂ ಒಂದು, ಆಮೇಲೆ ಏನು ಬೇಕಾದರೂ. 31-07-014 ಇದಕ್ಕೆ ಸರಿಹೊಂದುತ್ತದೆ. 314072002 ಕೂಡ ಹೊಂದುತ್ತದೆ: 31, ನಾಲ್ಕು, 07, ಎರಡು, 002.

ಇಲ್ಲಿ ಒಂದು ಮಾತು ಹೇಳಲೇಬೇಕು. ತಂಡಕ್ಕೆ ಹೊಸದಾಗಿ ಬಂದವರೊಬ್ಬರು ಹಿಂದೊಮ್ಮೆ ಪರ್ಸೆಂಟ್ ಬದಲು ನಕ್ಷತ್ರ ಚಿಹ್ನೆ ಹಾಕಿದ್ದರು. ಫೈಲ್ ಹುಡುಕುವಾಗಿನ ಅಭ್ಯಾಸ ಅದು. ಲೈಕ್‌ಗೆ ನಕ್ಷತ್ರ ಬರೀ ಒಂದು ಅಕ್ಷರ, ಹಾಗಾಗಿ ಒಂದು ಸಾಲೂ ಬರಲಿಲ್ಲ. ಎರಡು ನಿಮಿಷದಲ್ಲಿ ಅವರೇ ಸರಿಮಾಡಿಕೊಂಡರು. ಅಂಡರ್‌ಸ್ಕೋರ್ ತಪ್ಪು ಹಾಗೆ ಕೈಗೆ ಸಿಗುವುದಿಲ್ಲ. ಅಂಡರ್‌ಸ್ಕೋರ್‌ಗೆ ಅಂಡರ್‌ಸ್ಕೋರ್ ಕೂಡ ಹೊಂದುತ್ತದೆ ಅಲ್ವಾ? ಹಾಗಾಗಿ ಬೇಕಾದ ಸಾಲುಗಳೆಲ್ಲ ಬಂದೇ ಬರುತ್ತವೆ. ನಾವು ಪರೀಕ್ಷೆ ಮಾಡಿದ್ದು ಬೇಕಾದದ್ದು ಬಂತಾ ಅಂತ ಮಾತ್ರ. ಬೇಡದ್ದು ಬಂದಿದೆಯಾ ಅಂತ ಯಾರೂ ನೋಡಲಿಲ್ಲ. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇದೇ. ಎರಡು ವಾರದೊಳಗೆ ನಾವು ಇದನ್ನೇ ಇನ್ನೊಂದು ವೇಷದಲ್ಲಿ ಮತ್ತೆ ಮಾಡಿದೆವು.

ಸರಿಪಡಿಸಲು ಹೋಗಿ

ಕಾರಣ ಸಿಕ್ಕಿತು, ಯಂತ್ರ ನಿಂತಿದೆ, ಬೇಗ ಬಿಡಿಸಬೇಕು. ಮೊದಲು ಬಂದ ಸಲಹೆ: ಹೋಲ್ಡ್‌ನಲ್ಲಿರುವ, ಆದರೆ ನಿಜವಾದ 31_07_ ಅಲ್ಲದ ಎಲ್ಲವನ್ನೂ ರಿಲೀಸ್ ಮಾಡಿಬಿಡೋಣ. ಕ್ವೆರಿ ಬರೆದೂ ಆಗಿತ್ತು. ಆಗ ಅದೇ ಹಿರಿಯರು ಕೇಳಿದರು, "ಆ ದಿನಕ್ಕೂ ಮುಂಚೆ ಹೋಲ್ಡ್ ಆಗಿದ್ದ ಭಾಗಗಳು ಇರಲಿಲ್ವಾ?"

ಇದ್ದವು. ಬೇರೆ ಬೇರೆ ಗುಂಪಿನವು, ತಪಾಸಣೆಗೆ ಕಾಯುತ್ತಿದ್ದವು. ಆ ಕ್ವೆರಿ ಓಡಿದ್ದರೆ ಅವೆಲ್ಲ ಬಿಡುಗಡೆಯಾಗಿ ಯಾರದೋ ಯಂತ್ರದೊಳಗೆ ಹೋಗಿ ಕೂರುತ್ತಿದ್ದವು. ಕೊಡಬೇಕಾದ ಭಾಗ ನಿಂತುಹೋಗುವುದು ಕೆಟ್ಟದ್ದು. ಕೊಡಬಾರದ ಭಾಗ ಹೊರಗೆ ಹೋಗುವುದು ಅದಕ್ಕಿಂತ ತುಂಬಾ ಕೆಟ್ಟದ್ದು. ಆ ಒಂದು ಪ್ರಶ್ನೆ ನಮ್ಮನ್ನು ಉಳಿಸಿತು.

ನಮ್ಮ ಅಪ್‌ಡೇಟ್ ಹಳೆಯ ಕಾರಣವನ್ನು ಅಳಿಸಿ ಹೊಸದು ಬರೆದಿತ್ತು. ಯಾವುದು ಮೊದಲೇ ಹೋಲ್ಡ್ ಆಗಿತ್ತು ಎಂದು ಈಗಿನ ಟೇಬಲ್ ನೋಡಿ ಹೇಳಲು ಆಗುತ್ತಿರಲಿಲ್ಲ. ಅಪ್‌ಡೇಟ್ ಓಡಿಸಿದ ದಿನದ ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು. ಅದನ್ನು ಬೇರೆ ಡೇಟಾಬೇಸ್‌ಗೆ ಇಳಿಸಿ ಎರಡನ್ನೂ ಹೋಲಿಸಿದೆವು. ತಪ್ಪಾಗಿ ಸಿಕ್ಕಿಬಿದ್ದ 47 ಸಾಲುಗಳಲ್ಲಿ, ಮೊದಲಿನ ಕಾರಣದಲ್ಲಿ "ತಪಾಸಣೆ" ಎಂಬ ಮಾತು ಇಲ್ಲದವನ್ನು ರಿಲೀಸ್ ಮಾಡುವುದು, ಇದ್ದವಕ್ಕೆ ಹಳೆಯ ಕಾರಣವನ್ನೇ ಮರಳಿ ಬರೆಯುವುದು ಎಂದು ತೀರ್ಮಾನವಾಯಿತು. ಈ ಸಲ ಹುಷಾರಾಗಿದ್ದೆವು. ಬೇಡವಾದರೆ ವಾಪಸ್ ಪಡೆಯಬಹುದಾದ ಟ್ರಾನ್ಸಾಕ್ಷನ್ ಒಳಗೆ ಮಾಡಿದೆವು, ಸಂಖ್ಯೆ ನೋಡಿ ಆಮೇಲೆ ಕಮಿಟ್, ಅಂದರೆ ಕಾಯಂ, ಎಂದುಕೊಂಡೆವು. ರಿಲೀಸ್ ಮಾಡುವ ಕ್ವೆರಿಯಲ್ಲಿ ಹಳೆಯ ಕಾರಣ ನಾಟ್ ಲೈಕ್ '%ತಪಾಸಣೆ%' ಎಂದಿತ್ತು. 38 ಸಾಲು ಎಂದು ತೋರಿಸಿತು. 47ರಲ್ಲಿ 38 ಹೋದರೆ 9. ಅಂದರೆ 9 ಮೊದಲೇ ಹೋಲ್ಡ್‌ನಲ್ಲಿದ್ದವು, ಸರಿ ಇರಬಹುದು ಎಂದು ಕಮಿಟ್ ಮಾಡಿದೆವು.

ಆ 9ನ್ನು ಯಾರೂ ಎಣಿಸಿ ನೋಡಲಿಲ್ಲ. ನಿಜಕ್ಕೂ ಮೊದಲೇ ಹೋಲ್ಡ್‌ನಲ್ಲಿದ್ದದ್ದು 3.

ಉಳಿದ ಆರು ಆ ಒಂಬತ್ತಂಕಿಯ ಹಳೆಯ ಭಾಗಗಳು. ಹೊಸ ಅಪ್ಲಿಕೇಶನ್ ಮೂಲಕ ಸೇರಿಸಿದ ಭಾಗಗಳಿಗೆ ಕಾರಣ ಇಲ್ಲದಿದ್ದರೆ ಖಾಲಿ ಪಠ್ಯ ಇರುತ್ತಿತ್ತು. ಹಳೆಯ ವ್ಯವಸ್ಥೆಯಿಂದ ಬಂದವಕ್ಕೆ ನಲ್ ಇತ್ತು. ನಲ್ ಅಂದರೆ ಬೆಲೆ ಗೊತ್ತಿಲ್ಲ ಎಂದು. ಗೊತ್ತಿಲ್ಲದ್ದು "ತಪಾಸಣೆ"ಗೆ ಹೊಂದುತ್ತದೆಯೇ ಎಂದು ಕೇಳಿದರೆ ಉತ್ತರವೂ ಗೊತ್ತಿಲ್ಲ. ಹೊಂದುವುದಿಲ್ಲವೇ ಎಂದು ಕೇಳಿದರೂ ಗೊತ್ತಿಲ್ಲ. ವೇರ್ ದಾಟಿ ಬರುವುದು ಉತ್ತರ "ಹೌದು" ಎಂದಿರುವ ಸಾಲುಗಳು ಮಾತ್ರ. ಹಾಗಾಗಿ ನಲ್ ಇರುವ ಸಾಲು ಲೈಕ್‌ಗೂ ಸಿಗುವುದಿಲ್ಲ, ನಾಟ್ ಲೈಕ್‌ಗೂ ಸಿಗುವುದಿಲ್ಲ. ಎರಡೂ ಕಡೆಯಿಂದ ಜಾರಿಹೋಗುತ್ತದೆ. "ಅಥವಾ ಕಾರಣ ನಲ್ ಆಗಿದ್ದರೆ" ಎಂದು ಒಂದು ಷರತ್ತು ಸೇರಿಸಿದ್ದರೆ ಸಾಕಿತ್ತು.

ಹನ್ನೊಂದು ದಿನ ಆ ಆರು ಭಾಗ ಸುಮ್ನೆ ಕೆಂಪಾಗಿ ಕೂತಿದ್ದವು. ಕಂಡುಹಿಡಿದಿದ್ದು ನಾವಲ್ಲ. ಮೇಲ್ವಿಚಾರಕಿ ತಮ್ಮ ಕೈಬರಹದ ಪಟ್ಟಿ ಹಿಡಿದು ಒಂದೊಂದೇ ಕಪಾಟು ನೋಡುತ್ತಾ ಹೋಗಿದ್ದರು. "ಈ ಆರು ಯಾಕೆ ಇನ್ನೂ ಕೆಂಪು?" ಎಂದು ಕೇಳಿದರು. ನಮ್ಮ ಬಳಿ ಉತ್ತರ ಇರಲಿಲ್ಲ. ಮೊದಲ ಸಲ 233 ಸರಿ ಅನ್ನಿಸಿತ್ತು, ಎರಡನೇ ಸಲ 38. ಎರಡು ಸಲವೂ ಕ್ವೆರಿ ಓಡಿಸುವ ಮೊದಲು ಎಷ್ಟು ಬರಬೇಕು ಎಂದು ನಾವು ಬೇರೆ ದಾರಿಯಿಂದ ಎಣಿಸಿರಲಿಲ್ಲ. ಬಂದ ಸಂಖ್ಯೆಗೆ ಆಮೇಲೆ ಕಾರಣ ಹೊಂದಿಸಿದೆವು ಅಷ್ಟೇ. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು: ಒಟ್ಟಾಗಿ ಬದಲಿಸುವ ಯಾವ ಕ್ವೆರಿಗೂ ನಿರೀಕ್ಷಿತ ಸಂಖ್ಯೆಯನ್ನು ಮೊದಲೇ ಬರೆದಿಡಬೇಕು, ಮತ್ತು ಆ ಸಂಖ್ಯೆ ಅದೇ ಕ್ವೆರಿಯಿಂದ ಬಂದಿರಬಾರದು.

ಎಸ್ಕೇಪ್ ಎಂಬ ಚಿಕ್ಕ ವಿಷಯ

ಈಗ ಪ್ಯಾಟರ್ನ್ ಅನ್ನು ಸರಿಯಾಗಿ ಬರೆಯುವುದು ಹೇಗೆ ಎಂಬ ಮಾತು ಬಂತು. ಒಬ್ಬರು ಲೈಕ್ ಬಿಟ್ಟು, ಕೋಡ್‌ನ ಮೊದಲ ಆರು ಅಕ್ಷರ ಕತ್ತರಿಸಿ '31_07_' ಜೊತೆ ಸಮ ಇದೆಯೇ ನೋಡೋಣ ಎಂದರು. ಉತ್ತರ ಸರಿ ಬರುತ್ತದೆ. ಆದರೆ ಕಾಲಂನ ಮೇಲೆ ಹೀಗೆ ಫಂಕ್ಷನ್ ಹಾಕಿದರೆ ಆ ಕಾಲಂನ ಮಾಮೂಲಿ ಇಂಡೆಕ್ಸ್ (ಬೇಗ ಹುಡುಕಲು ಇಟ್ಟುಕೊಳ್ಳುವ ಸೂಚಿ) ಕೆಲಸಕ್ಕೆ ಬರುವುದಿಲ್ಲ. ಪೋಸ್ಟ್‌ಗ್ರೆಸ್ 11ರಿಂದ "ಇದರಿಂದ ಶುರುವಾಗುತ್ತದೆಯೇ" ಎಂದು ಕೇಳಲು ಸ್ಟಾರ್ಟ್ಸ್ ವಿತ್ ಎಂಬ ಫಂಕ್ಷನ್ ಇದೆ. ಅದಕ್ಕೆ ವೈಲ್ಡ್‌ಕಾರ್ಡ್ ಗೊತ್ತೇ ಇಲ್ಲ, ನಮಗೆ ಬೇಕಾದದ್ದೂ ಅದೇ. ಆದರೆ ಸ್ಕ್ಯಾನರ್‌ನ ಎಸ್‌ಕ್ಯೂಲೈಟ್‌ನಲ್ಲಿ ಅದು ಇಲ್ಲ. ನಮಗೆ ಎರಡೂ ಕಡೆ ಒಂದೇ ಬರಹ ನಡೆಯಬೇಕಿತ್ತು.

ಕೊನೆಗೆ ಆರಿಸಿಕೊಂಡದ್ದು ಇದು:

ವೇರ್ ಕೋಡ್ ಲೈಕ್ '31!_07!_%' ಎಸ್ಕೇಪ್ '!'

ಆಶ್ಚರ್ಯಸೂಚಕ ಚಿಹ್ನೆಯ ನಂತರ ಬಂದ ಅಂಡರ್‌ಸ್ಕೋರ್ ಬರೀ ಅಂಡರ್‌ಸ್ಕೋರ್. ಕೊನೆಯ ಪರ್ಸೆಂಟ್‌ನ ಹಿಂದೆ ಅದು ಇಲ್ಲ, ಹಾಗಾಗಿ ಅದು ವೈಲ್ಡ್‌ಕಾರ್ಡ್ ಆಗೇ ಉಳಿಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ ಏನೂ ಹೇಳದಿದ್ದರೂ ಬ್ಯಾಕ್‌ಸ್ಲ್ಯಾಶ್ ಈ ಕೆಲಸ ಮಾಡುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಮತ್ತು ಒರಾಕಲ್‌ನಲ್ಲಿ ಮಾಡುವುದಿಲ್ಲ, ಅಲ್ಲಿ ಎಸ್ಕೇಪ್ ಅಂತ ಬರೆದು ಹೇಳಲೇಬೇಕು. ಬ್ಯಾಕ್‌ಸ್ಲ್ಯಾಶ್‌ಗೆ ಇನ್ನೂ ಒಂದು ತೊಂದರೆ ಇದೆ. ಪ್ರೋಗ್ರಾಂನ ಭಾಷೆಯೂ ಅದಕ್ಕೆ ತನ್ನದೇ ಅರ್ಥ ಕೊಡುತ್ತದೆ, ದಾರಿಯಲ್ಲಿ ಯಾವ ಹಂತ ಅದನ್ನು ತಿಂದುಹಾಕುತ್ತದೆ ಅಂತ ಹೇಳಲು ಆಗದು. ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಇನ್ನೊಂದನ್ನು ನೆನಪಿಡಬೇಕು: ಅಲ್ಲಿ ಚೌಕ ಆವರಣಕ್ಕೂ ಲೈಕ್‌ನಲ್ಲಿ ವಿಶೇಷ ಅರ್ಥ ಇದೆ.

ಇದರಿಂದ ನಾವು ಎಣಿಸದೇ ಇದ್ದ ಒಂದು ಲಾಭವೂ ಆಯಿತು. ನಿಘಂಟಿನಲ್ಲಿ "ಮಾತು" ಎಂದು ಶುರುವಾಗುವ ಪದಗಳನ್ನು ಹುಡುಕುವುದು ಸುಲಭ, ಆ ಪುಟಗಳಿಗೆ ನೇರ ಹೋಗಬಹುದು. ಇಂಡೆಕ್ಸ್ ಕೂಡ ಹಾಗೇ, ವೈಲ್ಡ್‌ಕಾರ್ಡ್ ಬರುವವರೆಗಿನ ಅಕ್ಷರಗಳನ್ನು ಹಿಡಿದು ಜಾಗಕ್ಕೆ ಹೋಗುತ್ತದೆ. ಹಳೆಯ ಪ್ಯಾಟರ್ನ್‌ನಲ್ಲಿ ಮೂರನೆಯದೇ ವೈಲ್ಡ್‌ಕಾರ್ಡ್, ಹಾಗಾಗಿ ಅದಕ್ಕೆ ಸಿಕ್ಕಿದ್ದು ಬರೀ "31". ಗುಂಪು 31 ಪೂರ್ತಿ ತಡಕಬೇಕಾಗುತ್ತಿತ್ತು. ಎಸ್ಕೇಪ್ ಮಾಡಿದ ಮೇಲೆ ಆರು ಅಕ್ಷರ ಸಿಕ್ಕಿತು.

ಆದರೂ ಕ್ವೆರಿ ಹೇಗೆ ಓಡುತ್ತದೆ ಎಂದು ತೋರಿಸುವ ಎಕ್ಸ್‌ಪ್ಲೇನ್ ಮಾಡಿ ನೋಡಿದರೆ ಪೋಸ್ಟ್‌ಗ್ರೆಸ್ ಟೇಬಲ್ ಪೂರ್ತಿ ಓದುತ್ತಿತ್ತು! ಡೇಟಾಬೇಸ್‌ನ ಅಕಾರಾದಿ ನಿಯಮ, ಅಂದರೆ ಕೊಲೇಶನ್, "ಸಿ" ಅಲ್ಲದಿದ್ದರೆ ಮಾಮೂಲಿ ಬಿ-ಟ್ರೀ ಇಂಡೆಕ್ಸ್ ಲೈಕ್‌ಗೆ ಒದಗುವುದಿಲ್ಲ. ಭಾಷೆಯ ಅಕಾರಾದಿ ಕ್ರಮ ಬೇರೆ, ಅಕ್ಷರ ಅಕ್ಷರ ಹೋಲಿಸುವ ಕ್ರಮ ಬೇರೆ, ಅದಕ್ಕೇ ಹೀಗೆ. ಟೆಕ್ಸ್ಟ್ ಪ್ಯಾಟರ್ನ್ ಆಪ್ಸ್ ಎಂಬ ಬಗೆಯಲ್ಲಿ ಇನ್ನೊಂದು ಇಂಡೆಕ್ಸ್ ಮಾಡಿದ ಮೇಲೆ ದಾರಿಗೆ ಬಂತು.

ಹುಡುಕುವ ಪೆಟ್ಟಿಗೆ

ಆರು ಭಾಗಗಳ ವಿಷಯ ಬೆಳಕಿಗೆ ಬಂದ ಮೇಲೆ ಪ್ರೋಗ್ರಾಂಗಳಲ್ಲಿ ಎಲ್ಲೆಲ್ಲಿ ಲೈಕ್ ಇದೆ ಎಂದು ಹುಡುಕಿದೆವು. 23 ಕಡೆ ಸಿಕ್ಕಿತು. ಬಹುಪಾಲು ಕಡೆ ಲೈಕ್ ಬೇಕೇ ಇರಲಿಲ್ಲ. ವೈಲ್ಡ್‌ಕಾರ್ಡ್ ಉದ್ದೇಶವೇ ಇಲ್ಲದ ಪೂರ್ತಿ ಕೋಡ್ ಕೊಟ್ಟು ಲೈಕ್ ಎಂದು ಬರೆದಿದ್ದರು, ಸಮ ಚಿಹ್ನೆ ಹಾಕಿದ್ದರೆ ಮುಗಿಯುತ್ತಿತ್ತು. ಅಲ್ಲೂ ಒಳಗಿನ ಅಂಡರ್‌ಸ್ಕೋರ್ ತನ್ನ ಕೆಲಸ ಮಾಡುತ್ತಲೇ ಇತ್ತು: 31_07_002 ಕೇಳಿದವರಿಗೆ 31-07-002 ಕೂಡ ಬರುತ್ತಿತ್ತು.

ಅತಿ ಹೆಚ್ಚು ಚರ್ಚೆಯಾದದ್ದು ಕೌಂಟರ್‌ನ ಹುಡುಕುವ ಪೆಟ್ಟಿಗೆ. ಬಳಕೆದಾರರು ಬರೆದ ಪಠ್ಯದ ಹಿಂದೆ ಒಂದು ಪರ್ಸೆಂಟ್, ಮುಂದೆ ಒಂದು ಪರ್ಸೆಂಟ್ ಅಂಟಿಸಿ ಲೈಕ್‌ಗೆ ಕೊಡುತ್ತಿದ್ದರು. ಅದನ್ನು ಬರೆದವರು ಒಳ್ಳೆಯ ಕೆಲಸಗಾರರು, ಪಠ್ಯವನ್ನು ಕ್ವೆರಿಯೊಳಗೆ ಬೆರೆಸದೆ ಬೇರೆಯಾಗಿ, ಅಂದರೆ ಪ್ಯಾರಾಮೀಟರ್ ಆಗೇ ಕಳಿಸಿದ್ದರು. "ಪ್ಯಾರಾಮೀಟರ್ ಇದೆಯಲ್ಲ, ಸುರಕ್ಷಿತ" ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ. ಪ್ಯಾರಾಮೀಟರ್ ಕಾಪಾಡುವುದು ಬೇರೆಯದರಿಂದ: ಬಳಕೆದಾರರ ಪಠ್ಯ ಕ್ವೆರಿಯ ಭಾಗವಾಗಿ ಓಡದಂತೆ ತಡೆಯುತ್ತದೆ. ಆ ಪಠ್ಯ ಲೈಕ್‌ನ ಬಲಗಡೆ ಹೋಗಿ ಕೂತ ಮೇಲೆ ಅದು ಪ್ಯಾಟರ್ನ್. ಒಳಗಿರುವ ಪರ್ಸೆಂಟ್, ಅಂಡರ್‌ಸ್ಕೋರ್ ಎರಡೂ ಜೀವಂತ. ಯಾರಾದರೂ ಬರೀ ಪರ್ಸೆಂಟ್ ಒತ್ತಿ ಹುಡುಕಿದರೆ ಇಡೀ ಟೇಬಲ್ ಬಂದು ಸುರಿಯುತ್ತಿತ್ತು.

ಇದಕ್ಕೆ ಒಂದು ಚಿಕ್ಕ ಫಂಕ್ಷನ್ ಬರೆದೆವು. ಪಠ್ಯದಲ್ಲಿರುವ ವಿಶೇಷ ಚಿಹ್ನೆಗಳ ಹಿಂದೆ ಆಶ್ಚರ್ಯಸೂಚಕ ಸೇರಿಸುವುದು ಅದರ ಕೆಲಸ. ಮೊದಲ ಆವೃತ್ತಿಯಲ್ಲೇ ತಪ್ಪು ಮಾಡಿದೆವು, ಅದು ಎಲ್ಲರೂ ಮಾಡಬಹುದಾದ ತಪ್ಪು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮೊದಲು ಪರ್ಸೆಂಟ್ ಅನ್ನು !% ಮಾಡಿ, ಆಮೇಲೆ ಅಂಡರ್‌ಸ್ಕೋರ್ ಅನ್ನು !_ ಮಾಡಿ, ಕೊನೆಗೆ ಆಶ್ಚರ್ಯಸೂಚಕವನ್ನು !! ಮಾಡಿದೆವು. ಆಗ ನಾವೇ ಸೇರಿಸಿದ ಆಶ್ಚರ್ಯಸೂಚಕಗಳೂ ಎರಡಾದವು. !% ಹೋಗಿ !!% ಆಯಿತು. ಅದರ ಅರ್ಥ "ಒಂದು ಆಶ್ಚರ್ಯಸೂಚಕ, ಆಮೇಲೆ ಏನು ಬೇಕಾದರೂ". ಪರ್ಸೆಂಟ್ ಮತ್ತೆ ವೈಲ್ಡ್‌ಕಾರ್ಡ್. ಎಸ್ಕೇಪ್ ಚಿಹ್ನೆಯನ್ನು ಮೊದಲು ಎರಡು ಮಾಡಬೇಕು, ಉಳಿದವನ್ನು ಆಮೇಲೆ. ಇಷ್ಟಾದ ಮೇಲೆ ಹಿಂದೆ ಮುಂದೆ ನಮ್ಮ ಪರ್ಸೆಂಟ್ ಅಂಟಿಸಬೇಕು.

ಸರಿಯಾದ ಉತ್ತರ ಬಂತು, ವೇಗ ಬರಲಿಲ್ಲ. ಶುರುವಿನಲ್ಲೇ ಪರ್ಸೆಂಟ್ ಇದ್ದರೆ ನಿಘಂಟಿನಲ್ಲಿ "ಗಾರ" ಎಂದು ಮುಗಿಯುವ ಪದಗಳನ್ನು ಹುಡುಕಿದ ಹಾಗೆ. ಪ್ರತಿ ಪುಟ ತಿರುವಲೇಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ ಟ್ರೈಗ್ರಾಮ್ ಎಂಬ ವಿಸ್ತರಣೆ ಇದೆ. ಪಠ್ಯವನ್ನು ಮೂರು ಮೂರು ಅಕ್ಷರದ ತುಣುಕು ಮಾಡಿ ಯಾವ ತುಣುಕು ಯಾವ ಸಾಲಿನಲ್ಲಿದೆ ಎಂದು ಇಂಡೆಕ್ಸ್ ಮಾಡುತ್ತದೆ. 9.1ನೇ ಆವೃತ್ತಿಯಿಂದ ಲೈಕ್‌ಗೂ ಅದು ಒದಗುತ್ತದೆ, ಶುರುವಿನಲ್ಲಿ ಪರ್ಸೆಂಟ್ ಇದ್ದರೂ ನಡೆಯುತ್ತದೆ. ಭಾಗದ ವಿವರಣೆಯ ಕಾಲಂಗೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡಿತು. ಕೋಡ್‌ಗೆ ಅಷ್ಟಾಗಿ ಆಗಲಿಲ್ಲ. ಎರಡೇ ಅಂಕಿ ಹಾಕಿ ಹುಡುಕಿದರೆ ಮೂರರ ತುಣುಕು ಸಿಗುವುದೇ ಇಲ್ಲ, ಎಲ್ಲವನ್ನೂ ನೋಡಬೇಕಾಗುತ್ತದೆ.

(ವಿವರಣೆ ಕನ್ನಡದಲ್ಲಿದ್ದರೆ ಒಂದು ವಿಷಯ ಗಮನದಲ್ಲಿರಲಿ. "ಕೀಲು" ನಮ್ಮ ಕಣ್ಣಿಗೆ ಎರಡಕ್ಷರ. ಯುನಿಕೋಡ್‌ನಲ್ಲಿ ಅದು ನಾಲ್ಕು: ಕಕಾರ, ದೀರ್ಘದ ಗುರುತು, ಲಕಾರ, ಕೊಂಬು. ಎರಡು ಅಂಡರ್‌ಸ್ಕೋರ್ ಹಾಕಿದರೆ ಅದು ಸಿಗುವುದಿಲ್ಲ, ನಾಲ್ಕು ಬೇಕು. ಅಷ್ಟೇ ಅಲ್ಲ, ಆ ದೀರ್ಘದ ಗುರುತನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಇಡಬಹುದು. ಪರದೆಯಲ್ಲಿ ಎರಡೂ ಒಂದೇ, ಲೈಕ್‌ಗೆ ಬೇರೆ ಬೇರೆ. ಸೇರಿಸುವಾಗಲೇ ಪಠ್ಯವನ್ನು ಒಂದೇ ರೂಪಕ್ಕೆ ತಂದಿಟ್ಟುಕೊಳ್ಳುವುದು ಒಳ್ಳೆಯದು.)

ಕೌಂಟರ್‌ನಲ್ಲಿ ಒಂದು ಬೆಳಿಗ್ಗೆ

ಕೋಡ್ ಹುಡುಕಾಟವನ್ನು ಹೇಗೆ ವೇಗ ಮಾಡುವುದು ಎಂದು ನಾವು ಒಂದು ವಾರ ವಾದ ಮಾಡಿದೆವು. ಕೋಡ್ ಅನ್ನು ತಿರುಗಿಸಿ ಇನ್ನೊಂದು ಕಾಲಂನಲ್ಲಿ ಇಡೋಣ ಎಂದರು ಒಬ್ಬರು. ಒಳ್ಳೆಯ ಉಪಾಯವೇ, ಕೊನೆಯಿಂದ ಹುಡುಕಬೇಕಾದಾಗ ಅದು ಮೊದಲಿನಿಂದ ಹುಡುಕಿದ ಹಾಗೆ ಆಗುತ್ತದೆ. ಶುರುವಿನ ಪರ್ಸೆಂಟ್ ತೆಗೆದೇಬಿಡೋಣ, ಎಲ್ಲರೂ ಶುರುವಿನಿಂದ ಬರೆಯಲಿ ಎಂದರು ಇನ್ನೊಬ್ಬರು.

ಆಗ ಮೇಲ್ವಿಚಾರಕಿ ಹೇಳಿದರು, "ಒಂದು ದಿನ ಬಂದು ಕೌಂಟರ್ ಹತ್ತಿರ ಕೂತ್ಕೊಳ್ಳಿ." ಹೋದೆ. ಒಂದು ಗಂಟೆಯಲ್ಲಿ ಗೊತ್ತಾಯಿತು. ಹೆಚ್ಚಿನವರು ಬರೆಯುತ್ತಿದ್ದದ್ದು ಕೊನೆಯ ಮೂರು ಅಂಕಿ. ಗುಂಪು ಅವರಿಗೆ ಗೊತ್ತೇ ಇರುತ್ತದೆ, ನಿಂತಿರುವುದೇ ಆ ಕಪಾಟಿನ ಮುಂದೆ. ಚೀಟಿಯಲ್ಲಿ ಕ್ರಮಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ, ಅದನ್ನು ಒತ್ತುತ್ತಾರೆ. ಅವರಿಗೆ ಬೇಕಿದ್ದದ್ದು "ಎಲ್ಲಾದರೂ ಇದ್ದರೆ ಹುಡುಕು" ಅಲ್ಲವೇ ಅಲ್ಲ. "ಕ್ರಮಸಂಖ್ಯೆ 014 ಇರುವ ಭಾಗ ತೋರಿಸು" ಎಂದಷ್ಟೇ. ಅದಕ್ಕೆ ಪ್ಯಾಟರ್ನ್ ಯಾಕೆ?

ಪೋಸ್ಟ್‌ಗ್ರೆಸ್ 12ರಿಂದ ಜನರೇಟೆಡ್ ಕಾಲಂ ಮಾಡಬಹುದು, ಅಂದರೆ ಇನ್ನೊಂದು ಕಾಲಂನಿಂದ ತಾನೇ ಲೆಕ್ಕ ಹಾಕಿಕೊಂಡು ತುಂಬಿಕೊಳ್ಳುವ ಕಾಲಂ. ಕೋಡ್‌ನ ಕೊನೆಯ ಮೂರು ಅಕ್ಷರಕ್ಕೆ ಹಾಗೆ ಒಂದು ಕಾಲಂ ಮಾಡಿ ಅದರ ಮೇಲೆ ಇಂಡೆಕ್ಸ್ ಹಾಕಿದೆವು. ಮೂರು ಬಗೆಯ ಕೋಡ್‌ಗೂ ಕೊನೆಯ ಮೂರು ಒಂದೇ ಅರ್ಥ ಕೊಡುತ್ತಿದ್ದದ್ದು ಅದೃಷ್ಟ. ಮೂರಂಕಿ ಬರೆದರೆ ಸಮ ಚಿಹ್ನೆಯ ಹುಡುಕಾಟ, ಜಾಸ್ತಿ ಬರೆದರೆ ಶುರುವಿನಿಂದ ಲೈಕ್, ಅಕ್ಷರಗಳಿದ್ದರೆ ವಿವರಣೆಯಲ್ಲಿ ಟ್ರೈಗ್ರಾಮ್. ಗುಂಪು ಮತ್ತು ಉಪಗುಂಪಿಗೂ ಬೇರೆ ಕಾಲಂಗಳು ಬಂದವು, ಜೊತೆಗೆ ಈ ಕೋಡ್ ಯಾವ ಪದ್ಧತಿಯದು ಎಂದು ಹೇಳುವ ಕಾಲಂ ಒಂದು. ಆ ಕೊನೆಯದು ಮೊದಲೇ ಇದ್ದಿದ್ದರೆ ಸೀಲ್‌ಗಳನ್ನು ಹೋಲ್ಡ್ ಮಾಡಲು ಲೈಕ್ ಬರೆಯುತ್ತಲೇ ಇರಲಿಲ್ಲ. ಗುಂಪು 31, ಉಪಗುಂಪು 07, ಪದ್ಧತಿ ಹೊಸದು, ಇಷ್ಟು ಹೇಳಿದರೆ ಸಾಕಿತ್ತು. ಲೈಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಂದು ಕಾಲಂನೊಳಗೆ ಮೂರು ಸಂಗತಿ ತುಂಬಿ, ಮತ್ತೆ ಅವನ್ನು ಪ್ಯಾಟರ್ನ್‌ನಿಂದ ಹೊರಗೆ ಎಳೆಯಲು ಹೋದದ್ದು ನಮ್ಮ ಮೂಲ ತೊಂದರೆ.

ನೆರೆಹೊರೆಯ ಪಟ್ಟಿ

ಉಳಿದ ಲೈಕ್‌ಗಳಿಗೆ ಒಂದು ಪರೀಕ್ಷಾ ಟೇಬಲ್ ಮಾಡಿದೆವು. ಅದರಲ್ಲಿ ಸಿಗಬೇಕಾದ ಕೋಡ್‌ಗಳು ಕಡಿಮೆ. ಸಿಗಬಾರದವೇ ಜಾಸ್ತಿ, ಅದೂ ಸಿಗಬೇಕಾದದ್ದರ ಪಕ್ಕದಲ್ಲೇ ಇರುವಂಥವು. 31_07_002ರ ಜೊತೆ 31-07-002, 314072002, 31_70_002, ಒಳಗೆ ಪರ್ಸೆಂಟ್ ಇರುವ ವಿವರಣೆ, ಒಳಗೆ ಆಶ್ಚರ್ಯಸೂಚಕ ಇರುವ ವಿವರಣೆ, ಖಾಲಿ ಪಠ್ಯ, ನಲ್. ಇದಕ್ಕೆ ತಂಡದಲ್ಲಿ ನೆರೆಹೊರೆಯ ಪಟ್ಟಿ ಎಂದೇ ಹೆಸರಾಯಿತು. ಹೊಸ ಕ್ವೆರಿ ಬಂದರೆ ಮೊದಲು ಅದರ ಮೇಲೆ ಓಡಬೇಕು, ಬೇಡದ ಒಂದು ಸಾಲು ಬಂದರೂ ವಾಪಸ್. ಸ್ಕ್ಯಾನರ್‌ನ ಎಸ್‌ಕ್ಯೂಲೈಟ್ ಮೇಲೂ ಅದೇ ಪಟ್ಟಿ ಓಡುತ್ತದೆ. ಪೋಸ್ಟ್‌ಗ್ರೆಸ್‌ನ ಲೈಕ್ ಇಂಗ್ಲಿಷ್‌ನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಎನ್ನುತ್ತದೆ, ಎಸ್‌ಕ್ಯೂಲೈಟ್‌ನದು ಒಂದೇ ಎನ್ನುತ್ತದೆ. ಅದು ಗೊತ್ತಾದದ್ದೂ ಈ ಪಟ್ಟಿಯಿಂದಲೇ.

ಪಟ್ಟಿಗೆ ಕೊನೆಯದಾಗಿ ಸೇರಿದ ಸಾಲನ್ನು ತಂದುಕೊಟ್ಟವರು ಮೇಲ್ವಿಚಾರಕಿ. ಒಂದು ಹಳೆಯ ಚೀಟಿ ಹಿಡಿದು ಬಂದಿದ್ದರು. ಅದರ ಮೇಲಿದ್ದ ಕೋಡ್‌ನ ಕೊನೆಯಲ್ಲಿ, ಕಣ್ಣಿಗೆ ಕಾಣದ ಹಾಗೆ, ಒಂದು ಖಾಲಿ ಜಾಗ ಸೇರಿಕೊಂಡಿತ್ತು. "ಮೂರಂಕಿ ಒತ್ತಿದ್ರೆ ಇದೊಂದು ಸಿಗ್ತಿಲ್ಲ" ಎಂದರು. ಕೊನೆಯ ಮೂರು ಅಕ್ಷರ ಎಂದು ನಾವು ಕತ್ತರಿಸಿದ್ದರಲ್ಲಿ ಎರಡು ಅಂಕಿ ಮತ್ತು ಆ ಖಾಲಿ ಜಾಗ ಬಂದಿತ್ತು. ಅಂದೇ ಸಂಜೆ ಅದನ್ನು ನೆರೆಹೊರೆಯ ಪಟ್ಟಿಗೆ ಸೇರಿಸಿ, ಟೇಬಲ್‌ನಲ್ಲಿ ಹಾಗೆ ಇನ್ನೆಷ್ಟಿವೆ ಎಂದು ಎಣಿಸಲು ಕೂತೆವು. ಎಷ್ಟು ಇರಬಹುದು ಎಂದು ಮೊದಲು ಅವರನ್ನು ಕೇಳಿ, ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡೆವು.